ಸೀನಿನಿಂದ ಢೋಲು ಮಾಡಿದ ನಮ್ಮ ಕಾಕಾ

ನಮ್ಮ ಕಾಕಾ ನಿಮ್ಮ ಮನೆಗೆ ಬಂದರೆ ಬೆಳ್ಳಿ ಬಂಗಾರಕ್ಕೆ ಬೀಗ ಹಾಕಬೇಕಾಗಿಲ್ಲ. ಕೊಡ, ಪರಾತ, ಹಿಟ್ಟಿನ ಡಬ್ಬಿಗಳನ್ನು ಮಾತ್ರ ಒಳಗಿಡಿ! ಅವರು ಕದಿಯುವುದು ಸದ್ದನ್ನು. ಚಹಾ ಕೊಟ್ಟರೆ ಬೆರಳಿನ ಗೆಣ್ಣಿನಿಂದ ಬಸಿಯನ್ನು ಕುಟ್ಟಿ, ಕಿವಿಗೆ ಹಿಡಿದು, "ವ್ಹಾ!" ಎನ್ನುತ್ತಾರೆ. ತನ್ನ ಚಹಾ ಚೆನ್ನಾಗಿದೆಯೆಂದು ಮನೆಯಾಕೆ ಹಿಗ್ಗುತ್ತಾಳೆ. ಅಷ್ಟರಲ್ಲಿ ಕಾಕಾ ಜೇಬಿನಿಂದ ರೆಕಾರ್ಡರ್ ತೆಗೆದು, "ಒಂದ್ ನಿಮಿಷ ಯಾರೂ ಉಸಿರಾಡಬ್ಯಾಡ್ರಿ" ಎಂದು ಅಪ್ಪಣೆ ಕೊಟ್ಟಾಗಿರುತ್ತದೆ.

ಇವರು ನನ್ನ ಅಪ್ಪನ ತಮ್ಮ. ವಿಜಯಪುರದ ಕಡೆಯಿಂದ ಬಂದು ಕುರಕುಂಭದ ಒಂದು ಕಾರ್ಖಾನೆಯಲ್ಲಿ ನೌಕರಿ ಮುಗಿಸಿ, ಈಗ ಪುಣೆಯ ಧನಕವಡಿಯಲ್ಲಿ ಹೆಂಡತಿ, ಅಂದರೆ ನಮ್ಮ ಕಾಕುವಿನೊಂದಿಗೆ ಇದ್ದಾರೆ. ಮನುಷ್ಯರು ಕೈಯಿಂದ ತಿರುಗಿಸುತ್ತಿದ್ದ ವಾಲ್ವುಗಳನ್ನು ತಾವಾಗಿಯೇ ತಿರುಗುವಂತೆ ಮಾಡುವುದು ಕಾರ್ಖಾನೆಯಲ್ಲಿ ಅವರ ಕೆಲಸವಾಗಿತ್ತು. ಹೀಗಾಗಿ ಒಂದೇ ಕೆಲಸವನ್ನು ಎರಡನೇ ಸಲ ಕೈಯಾರೆ ಮಾಡುವುದೆಂದರೆ ಅವರಿಗೆ ಸಾಕ್ಷಾತ್ ಅವಮಾನ. "ದೇವ್ರು ತಲಿ ಕೊಟ್ಟಿದ್ದು ಕೈಗೆ ಸೂಟಿ ಕೊಡ್ಲಿಕ್ಕೆ" ಎನ್ನುವುದು ಅವರ ಸಿದ್ಧಾಂತ.

ನಿವೃತ್ತಿಯಾದ ವರ್ಷ, ಗಣಪತಿ ಹಬ್ಬಕ್ಕೆ ಮುಂಚೆ, ಬಯಲಿನಲ್ಲಿ ಢೋಲು-ತಾಶಾ ತಂಡದವರ ತಾಲೀಮು ಕೇಳಲು ಹೋದರು. ಎಲ್ಲರೂ ಕೇಳಿ ಬರುತ್ತಾರೆ. ಇವರು ರೆಕಾರ್ಡರಿನಲ್ಲಿ ತುಂಬಿಕೊಂಡು ಬಂದರು! ಮನೆಗೆ ಬಂದು ಕಂಪ್ಯೂಟರಿನ ಮುಂದೆ ಕೂತು ಒಂದೊಂದೇ ಪೆಟ್ಟಿನ ಸದ್ದನ್ನು ಬಿಡಿಸಿ ಕತ್ತರಿಸತೊಡಗಿದರು. ಹೀಗೆ ಕತ್ತರಿಸಿಟ್ಟ ತುಣುಕಿಗೆ ಸ್ಯಾಂಪಲ್ ಎನ್ನುತ್ತಾರಂತೆ. ಒಂದು ಗುಂಡಿ ಒತ್ತಿದರೆ ಢಂ, ಇನ್ನೊಂದು ಒತ್ತಿದರೆ ಟಣ್. ಕೂತಲ್ಲೇ ಮೆರವಣಿಗೆ ಹೊರಡಿಸಬಹುದು. ಆದರೆ ಕತ್ತರಿಸಿ ಕತ್ತರಿಸಿ ಕಾಕಾನ ಕುತ್ತಿಗೆ ಹಿಡಿಯಿತು. ಕುತ್ತಿಗೆ ಹಿಡಿದ ಮೇಲೆ ಸಿದ್ಧಾಂತ ನೆನಪಾಯಿತು. ಪ್ರೋಗ್ರಾಮ್ ಬರೆದೇಬಿಟ್ಟರು! ಸದ್ದು ಧಡಕ್ಕನೆ ಎದ್ದಲ್ಲಿ ಒಂದು ಕತ್ತರಿ, ಅಡಗಿದಲ್ಲಿ ಇನ್ನೊಂದು. ಮಂದವಾಗಿದ್ದರೆ ಢಂ ಎಂಬ ಹೆಸರು, ಚೂಪಾಗಿದ್ದರೆ ಟಣ್. ಎಲ್ಲವೂ ತಾನೇ ತಾನಾಗಿ.

"ನೋಡ್ ತಮ್ಮಾ, ಚವಳಿಕಾಯಿ ತುದಿ ಮುರದಂಗ" ಎಂದು ನನಗೆ ವಿವರಿಸಿದರು.

ಒಳಗಿನಿಂದ ಕಾಕು ಕೂಗಿದರು: "ಅಷ್ಟ್ ಶಾಣ್ಯಾ ಇದ್ರ ಖರೇ ಚವಳಿಕಾಯಿ ಸೋಸೋ ಮಷೀನ್ ಮಾಡ್ರಿ! ಇಲ್ಲಿ ಪಾವ್ ಕಿಲೋ ಬಿದ್ದದ!"

ಈ ಪ್ರೋಗ್ರಾಮಿಗೆ ಒಂದು ದೋಷವಿತ್ತು. ಅದಕ್ಕೆ ಢೋಲಿನ ಪೆಟ್ಟಿಗೂ ಮನುಷ್ಯನ ಸೀನಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಕಾಕಾ ಒಮ್ಮೆ ಮೆಟ್ಟಿಲ ಕಟಾಂಜನವನ್ನು ಕೋಲಿನಿಂದ ಬಾರಿಸಿ ರೆಕಾರ್ಡ್ ಮಾಡುತ್ತಿದ್ದಾಗ, ಅವರ ಅಪಾರ್ಟ್‌ಮೆಂಟ್ ಸೊಸೈಟಿಯ ಚೇರ್ಮನ್ ಸಾಹೇಬರು ಕೆಳಗಿನಿಂದ ಹತ್ತಿ ಬರುತ್ತ ಸೀನಿದರು. ಅದೆಂಥ ಸೀನು ಅಂತೀರಿ! ಪಾರ್ಕಿಂಗಿನ ಪಾರಿವಾಳಗಳೆಲ್ಲ ಹಾರಿಹೋದವು. ಪ್ರೋಗ್ರಾಮು ಅದನ್ನೂ ಅಚ್ಚುಕಟ್ಟಾಗಿ ಕತ್ತರಿಸಿ ಢಂಗಳ ಸಾಲಿನಲ್ಲಿ ಕೂರಿಸಿತು.

ಮರುವಾರ ಚೇರ್ಮನ್ ಸಾಹೇಬರು ತಕರಾರು ಹೊತ್ತು ಬಂದರು. "ಅಹೋ, ಹೇ ಕಾಯ ಚಾಲಲಂಯ?" ಇದೇನು ನಡೆಸಿದ್ದೀರಿ, ದಿನವಿಡೀ ಕಟಕಟ!

ಕಾಕಾ ಅವರನ್ನು ಕೂರಿಸಿ, ನೀರು ಕೊಟ್ಟು, ತಾವು ಜೋಡಿಸಿದ ತಾಳ ಹಾಕಿದರು. ಸಾಹೇಬರ ಹುಬ್ಬು ಕೆಳಗಿಳಿಯಿತು. ಪಾದ ಅಲುಗಿತು. "ಹಾ ಢೋಲ ಕುಠಲಾ?" ಎಂದರು. ಎಲ್ಲಿಯ ಢೋಲು ಇದು?

"ತುಮಚೀಚ ಶಿಂಕ, ಸಾಹೇಬ!" ನಿಮ್ಮದೇ ಸೀನು!

ಸಾಹೇಬರು ಸರಕ್ಕನೆ ಎದ್ದು ಹೋದರು. ಇನ್ನು ನೋಟಿಸು ಬಂತೆಂದೇ ನಾವು ತಿಳಿದೆವು. ಬಂದದ್ದು ಸಾಹೇಬರೇ. ಅದನ್ನು ತಮ್ಮ ಫೋನಿನ ರಿಂಗ್‌ಟೋನ್ ಮಾಡಿಕೊಡಬಹುದೇ ಎಂದು ಕೇಳಲು!

ನಮ್ಮ ಮನೆಯ ವಾಸ್ತುಶಾಂತಿಗೂ ಕಾಕಾ ರೆಕಾರ್ಡರ್ ತಂದಿದ್ದರು. ಪುಣೆಯಲ್ಲೇ, ಕೊಂಢವಾದಲ್ಲಿ, ನಾನು ಕೊಂಡ ಹೊಸ ಫ್ಲ್ಯಾಟು ಅದು. ಜಾಗಟೆಯ ಸದ್ದು ಹಿಡಿಯುವುದು ಅವರ ಉದ್ದೇಶ. ಪ್ರೋಗ್ರಾಮು ಜಾಗಟೆಯನ್ನು ಬಿಟ್ಟು ಭಟ್ಟರನ್ನು ಹಿಡಿಯಿತು. ಹೋಮದ 'ಸ್ವಾಹಾ'ಗಳನ್ನೆಲ್ಲ ನಡುವೆ ಸೀಳಿ, 'ಸ್ವಾ'ಗಳನ್ನು ಒಂದು ಕಡೆ, 'ಹಾ'ಗಳನ್ನು ಇನ್ನೊಂದು ಕಡೆ ಪೇರಿಸಿಟ್ಟಿತ್ತು.

"ಇನ್ನ ಆ ಮನಿ ಶಾಂತಿ ಅರ್ಧಾನ ಆತಲ್ರೀ!" ಎಂದು ಕಾಕು ಹಣೆ ಬಡಿದುಕೊಂಡರು. ಆ ಟಪ್ ಎಂಬ ಸದ್ದನ್ನು ಕೇಳಿ ಕಾಕಾ ಆಸೆಯಿಂದ, "ಏ, ಇನ್ನೊಮ್ಮೆ ಬಡ್ಕೋ" ಎಂದರು!

ಹೀಗಿದ್ದ ಮನೆ ಈ ಚಳಿಗಾಲದಲ್ಲಿ ಸದ್ದಡಗಿತು. ಕಾಕುವಿನ ಮೊಣಕಾಲಿಗೆ ಆಪರೇಷನ್ ಆಯಿತು. ಆಪರೇಷನ್ನೇನೋ ಚೆನ್ನಾಗಿಯೇ ಆಯಿತು. ಆದರೆ ಕಾಕು ನಡೆಯಲೊಲ್ಲರು. ಮೊದಲ ದಿನವೇ ವಾಕರ್ ಹಿಡಿದು ನಿಂತಾಗ ಒಮ್ಮೆ ಜೋಲಿ ಹೋಗಿ ಹೆದರಿಬಿಟ್ಟಿದ್ದರು. ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿ, "ಆಜಿ, ಈಗ ನಡೀದಿದ್ರೆ ಮೊಣಕಾಲು ಬಿಗಿದುಹೋಗ್ತದೆ, ಆಮೇಲೆ ಏನೂ ಮಾಡೋಕ್ಕಾಗಲ್ಲ" ಎಂದು ಮರಾಠಿಯಲ್ಲಿ ಬೇಡಿಕೊಂಡಳು. ನಾವೂ ಬೇಡಿಕೊಂಡೆವು. ಮೂರು ಖೋಲಿಯ ರಾಜ್ಯವಾಳಿದ ಹೆಂಗಸು ಗೋಡೆಗೆ ಮುಖ ಮಾಡಿ, "ನನ್ನ ಬಿಡ್ರಿ, ನನಗ ಸಾಕಾಗ್ಯದ" ಎನ್ನುತ್ತಿದ್ದರು. ಕಾಕಾ ಬಸಿ ಕುಟ್ಟುವುದನ್ನು ಬಿಟ್ಟರು. ಬೇರೇನೂ ಬೇಡ, ಈ ಮನುಷ್ಯ ಚಹಾ ಬಂದರೆ ಸುಮ್ಮನೆ ಕುಡಿದುಬಿಡುತ್ತಿದ್ದರು!

ಒಂದು ಮಧ್ಯಾಹ್ನ ನಾನು ಹೋದಾಗ ಕಾಕಾ ನೆಲದ ಮೇಲೆ ಕೂತು ವಾಕರಿನ ಕಾಲಿಗೆ ಪುಟ್ಟದೊಂದು ಮೈಕು ಕಟ್ಟುತ್ತಿದ್ದರು.

"ಈಗ ನನ್ನ ಕಾಲಿಂದೂ ರೆಕಾರ್ಡ ಮಾಡ್ತೀರೇನು?" ಕಾಕುವಿನ ದನಿಯಲ್ಲಿ ಸಿಟ್ಟೂ ಇತ್ತು, ಅಳುವೂ ಇತ್ತು.

"ರೆಕಾರ್ಡ ಅಲ್ಲ. ನೀ ಇದನ್ನ ಮುಂದ ಇಟ್ಟಿ ಅಂದ್ರ ಢೋಲ್ ಬಾರಸ್ತದ. ಪೆಟ್ಟು ಹುಡುಕೋ ಪ್ರೋಗ್ರಾಮ್ ಅದ ಅಲಾ, ಅದನ್ನ ಸ್ವಲ್ಪ ತಿರುವಿ ಹಾಕೀನಿ."

"ನಾ ಏನ್ ಗಣಪತಿ ಮೆರವಣಿಗಿ ಅದೀನೇನ್ರಿ?"

"ಗಣಪತೀನೂ ಹಿಂಗ ನಿಧಾನಕ್ಕ ಹೋಗ್ತಾನ. ಅವಗ ಯಾರಾದ್ರೂ ಅವಸರಾ ಮಾಡ್ತಾರೇನು?"

ಕಾಕುವಿನ ತುಟಿ ಸ್ವಲ್ಪ ಸಡಿಲವಾಯಿತು. "ನಾ ನಡುವ ನಿಂತ್ರ?"

"ಅದೂ ನಿಲ್ತದ."

"ಎಷ್ಟೊತ್ತು?"

"ನೀ ಮುಂದಿನ ಹೆಜ್ಜಿ ಇಡೋತನಕ. ಅಲ್ಲೀತನಕ ಬಾರ್ಸಂಗಿಲ್ಲ. ನಿನ್ನ ಕಾಯ್ತದ."

ಕಾಕು ಗಂಡನ ಮುಖವನ್ನೇ ನೋಡಿದರು. ಆಮೇಲೆ ನಿಧಾನವಾಗಿ ಎದ್ದು ವಾಕರ್ ಹಿಡಿದು, ಮುಂದಿಟ್ಟರು. ಢಂ! ಬೆಚ್ಚಿಬಿದ್ದು ನಕ್ಕುಬಿಟ್ಟರು. ಕಾಲೆಳೆದು ತಂದು, ಮತ್ತೆ ವಾಕರ್ ಇಟ್ಟರು. ಢಂ! ಹಾಸಿಗೆಯಿಂದ ಬಾಗಿಲವರೆಗೆ ಹೋದರು. ಹೊಸ್ತಿಲ ಬಳಿ ಉಸಿರು ಕಟ್ಟಿ ನಿಂತರು. ಢೋಲೂ ನಿಂತಿತು. ಬೀದಿಯಲ್ಲಿ ತರಕಾರಿಯವನ ಕೂಗು ಹಾದುಹೋಯಿತು. ನಾನು ಕುರ್ಚಿ ತರಲು ತಿರುಗಿದೆ.

"ಕುರ್ಚಿ ಬ್ಯಾಡೋ" ಎಂದರು ಕಾಕು. "ಬಾಲ್ಕನಿತನಕ ಹೋಗಿ ಬರ್ತೀನಿ. ನನ್ನ ತುಳಸಿಗೆ ಯಾರೂ ನೀರ್ ಹಾಕಿಲ್ಲ ಅನಸ್ತದ."

ಢಂ. ಸ್ವಲ್ಪ ಹೊತ್ತು ಬಿಟ್ಟು, ಢಂ. ಅವರ ಹಿಂದೆಯೇ ಕಾಕಾ, ಎರಡೂ ಕೈಗಳನ್ನು ಅವರ ಅಕ್ಕಪಕ್ಕಕ್ಕೆ ಚಾಚಿಕೊಂಡು, ಮುಟ್ಟದೆ, ಉಸಿರನ್ನೂ ಬಿಡದೆ, ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯುತ್ತಿದ್ದರು.