ಮೂರೂರಿಗೂ ಸಮದೂರದ ಪೇಟೆ

ಮೂರೂರ ಮಹಾಪೇಟೆ ಸಮಿತಿಯ ಮಾನ್ಯ ಅಧ್ಯಕ್ಷರ ಸನ್ನಿಧಾನಕ್ಕೆ, ಸದರಿ ಮಹಾಪೇಟೆಯ ಒಂದನೆಯ ಮಳಿಗೆಯ ಬಾಡಿಗೆದಾರನಾದ ಗಜೇಂದ್ರಗಡದ ಅರಿವೆ ವ್ಯಾಪಾರಿ ಈಶಪ್ಪನು ಕೈಜೋಡಿಸಿ, ತಲೆಬಾಗಿಸಿ, ಎರೆಮಣ್ಣು ಮೆತ್ತಿದ ಕಾಲನ್ನು ಆದಷ್ಟು ಹಿಂದಕ್ಕೆಳೆದುಕೊಂಡು ಮಾಡುವ ಬಹಿರಂಗ ಅರಿಕೆ.

ಮಾನ್ಯರೇ,

ತಾವೂ, ತಮ್ಮ ಮನೆಮಂದಿಯೂ, ತಮ್ಮ ಜೀಪಿನ ನಾಲ್ಕೂ ಗಾಲಿಗಳೂ ಕ್ಷೇಮವೆಂದು ನಂಬಿದ್ದೇನೆ. ಈ ಪತ್ರವನ್ನು ಎಲ್ಲರೂ ಓದುವಂತೆ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಹಿಂದೆ ಲಕೋಟೆಯಲ್ಲಿ ಕಳಿಸಿದ ನನ್ನ ಪತ್ರಗಳನ್ನು ತಾವು ಅಂಟು ಕೂಡ ಬಿಡಿಸದೆ ಜೋಪಾನವಾಗಿ ಇಟ್ಟಿದ್ದೀರೆಂದು ತಮ್ಮ ಕಾರಕೂನರು ತಿಳಿಸಿದರು. ಬಡವನ ಅಕ್ಷರಕ್ಕೆ ಇಷ್ಟು ಮರ್ಯಾದೆ ಈ ಸೀಮೆಯಲ್ಲಿ ಬೇರೆ ಯಾರೂ ಕೊಟ್ಟಿಲ್ಲ.

ರೋಣ, ನರಗುಂದ, ಗಜೇಂದ್ರಗಡಗಳ ವ್ಯಾಪಾರವೆಲ್ಲ ಒಂದೇ ಸೂರಿನಡಿ ಬರಬೇಕು, ಗಿರಾಕಿಯು ತಲೆಗೆ ಬಿಸಿಲು ತಾಗಿಸಿಕೊಳ್ಳದೆ ಅರಿವೆ, ಬಳೆ, ಬೆಲ್ಲ, ಹಗ್ಗ, ಕಬ್ಬಿಣಗಳನ್ನು ಒಂದೇ ಸುತ್ತಿನಲ್ಲಿ ಕೊಂಡು ಹೋಗಬೇಕು ಎಂದು ಕನಸು ಕಂಡವರು ತಾವು. ಆ ಪೇಟೆ ತಂತಮ್ಮ ಊರಿಗೇ ಬೇಕೆಂದು ಮೂರೂ ಊರಿನವರು ಜಗಳಕ್ಕೆ ನಿಂತಾಗ, ಮೂರಕ್ಕೂ ಸಮದೂರದಲ್ಲಿ ಕಟ್ಟೋಣವೆಂದು ತೀರ್ಪು ಕೊಟ್ಟವರೂ ತಾವೇ. ಸರ್ವೇದವರು ನಕಾಶೆಯ ಮೇಲೆ ಕೈವಾರ ಇಟ್ಟು ನೋಡಿದರೆ, ಮೂರೂ ಊರು ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ ಕೂತಿದ್ದರಿಂದ, ಆ ಸಮದೂರದ ಜಾಗ ಮಲಪ್ರಭೆಯನ್ನೂ ಕೃಷ್ಣೆಯನ್ನೂ ದಾಟಿ ವಿಜಾಪುರದ ಆಚೆ ಹೋಗಿ ಬಿತ್ತಂತೆ. ಬೇರೆಯವರಾಗಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದರು. ತಾವು ಮಾತ್ರ, ದೂರ ಸಮವಾಗದಿದ್ದರೆ ತೊಂದರೆಯಾದರೂ ಸಮವಾಗಲಿ ಎಂದು, ಸೂಡಿ ಹಳ್ಳಿಯ ಹಾದಿ ಬಿಟ್ಟು ಒಳಗೆ, ಮೂರೂರಿನವರಿಗೂ ಹೋಗಲು ಬಾರದಂಥ ಎರೆಹೊಲವೊಂದನ್ನು ಹುಡುಕಿ ತೆಗೆದಿರಿ. ಅದು ತಮ್ಮ ಬೀಗರ ಹೊಲವಾಗಿದ್ದದ್ದು ಆ ಹೊಲದ ಪುಣ್ಯ.

ಅಡಿಗಲ್ಲು ಹಾಕುವಾಗ ನಾವು ಮುಂಬಯಿ ರಾಜ್ಯದಲ್ಲಿದ್ದೆವು, ಬಾಗಿಲು ತೆರೆಯುವಾಗ ಮೈಸೂರು ರಾಜ್ಯದಲ್ಲಿದ್ದೆವು. ರಾಜ್ಯಗಳೇ ಅತ್ತಿಂದಿತ್ತ ಸರಿದರೂ ತಮ್ಮ ಪೇಟೆ ಯಾವ ಊರಿನ ಕಡೆಗೂ ಒಂದು ಗೇಣು ಸರಿಯಲಿಲ್ಲ. ಇಂಥ ನಿಷ್ಪಕ್ಷಪಾತವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಗಜೇಂದ್ರಗಡದ ಬಜಾರದಲ್ಲಿ ನಮ್ಮಪ್ಪ ಹಿಡಿದಿದ್ದ ಬಾಡಿಗೆ ಅಂಗಡಿಯನ್ನು ಬಿಟ್ಟುಕೊಟ್ಟು ನಾನು ತಮ್ಮ ಒಂದನೆಯ ಮಳಿಗೆಯನ್ನು ಹಿಡಿದೆ. ಅಂದು ನನ್ನ ಹೆಂಡತಿ ಕಳಕವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು.

“ಇದ್ದ ಅಂಗಡಿ ಬಿಟ್ಟು ಅಡವ್ಯಾಗ ಹೋಗಿ ಕುಂಡ್ರತೇನಂತೀರಿ. ಅಲ್ಲಿ ಅರಿವಿ ಯಾರಿಗೆ ಮಾರ್ತೀರಿ, ಗುಬ್ಬಿಗೋಳಿಗೇನು?”

“ಪೇಟಿ ಎಲ್ಲಿರತೈತೋ ಮಂದಿ ಅಲ್ಲೇ ಬರ್ತಾರ ಅಂತ ಅಧ್ಯಕ್ಷರು ಹೇಳ್ಯಾರ,” ಎಂದೆ ನಾನು.

“ಅವರು ಬರ್ತಾರೇನು ಕೇಳ್ರಿ,” ಎಂದು ಆಕೆ ಮತ್ತೆ ಹಿಟ್ಟಿಗೆ ಕೈಹಾಕಿದಳು. ನಾನು ಕೇಳಲಿಲ್ಲ. ಬಾಗಿಲ ಮೇಲೆ ಬಣ್ಣದಲ್ಲಿ ಬರೆದ ಒಂದನೆಯ ನಂಬರು ನನ್ನ ತಲೆಗೇರಿತ್ತು.

ಉದ್ಘಾಟನೆಯ ದಿನ ಪೆಂಡಾಲು ತುಂಬ ಮಂದಿಯಿದ್ದರು. ಮರುದಿನ ಪೆಂಡಾಲಿನ ಜೊತೆಗೆ ಅವರೂ ಹೋದರು. ಮಳಿಗೆ ಹಿಡಿಯುತ್ತೇವೆಂದು ಸಭೆಯಲ್ಲಿ ಕೈ ಎತ್ತಿದ್ದ ದೊಡ್ಡ ವ್ಯಾಪಾರಿಗಳು ಎತ್ತಿದ ಕೈಯನ್ನು ಇಳಿಸಿ ತಂತಮ್ಮ ಹಳೆಯ ಅಂಗಡಿಯಲ್ಲೇ ಕೂತರು. ಅಷ್ಟುದ್ದದ ಕಟ್ಟಡದಲ್ಲಿ ಬಂದು ಕೂತವರು ಇಬ್ಬರೇ: ನಾನು, ಮತ್ತು ನನ್ನ ಪಕ್ಕದ ಮಳಿಗೆಯಲ್ಲಿ ರೋಣದ ಬಳೆಗಾರ್ತಿ ಶರೀಫಾಬಿಯವರು. ಗಂಡ ತೀರಿಕೊಂಡಾಗಿನಿಂದ ಬಳೆಯ ಮಲಾರ ಹೊತ್ತು ಹಳ್ಳಿ ಹಳ್ಳಿ ತಿರುಗಿ ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದ ಹೆಣ್ಣುಮಗಳು. ಈಗ ಮೊಣಕಾಲು ನೋವು. “ಇಷ್ಟು ವರ್ಷ ನಾ ಮಂದಿ ಹತ್ತರ ಹೋದೆ ಈಶಪ್ಪಣ್ಣಾ, ಇನ್ನ ಮಂದಿನ ನನ್ನ ಹತ್ತರ ಬರ್ಲಿ ಅಂತ ಬಂದೇನಿ,” ಎಂದು ಮೊದಲ ದಿನ ಹೇಳಿದರು. ಸೂಡಿಯಲ್ಲಿ ಅವರ ತಂಗಿ ಮದರಬಿಯ ಮನೆ. ದಿನಾ ಅಲ್ಲಿಂದ ಕುಂಟುತ್ತ ಬಂದು ಬಳೆಗಳನ್ನು ಒರೆಸಿ ಇಡುವರು, ಸಂಜೆಗೆ ಮತ್ತೆ ಕುಂಟುತ್ತ ಹೋಗುವರು.

ಮಂದಿ ಬರಲಿಲ್ಲ. ಆಡುಗಳು ಬಂದವು. ಗುಬ್ಬಿಗಳು ನನ್ನ ಮಲ್ಲು ಬಟ್ಟೆಯ ಗಂಟಿನ ಮೇಲೆ ಗೂಡು ಕಟ್ಟಿದವು. ಇದನ್ನು ಮಾತ್ರ ನಾನು ಕಳಕವ್ವನಿಗೆ ಹೇಳಿರಲಿಲ್ಲ, ಈಗ ಓದಿದವರು ಯಾರಾದರೂ ಹೇಳುವರು. ಕೊನೆಗೆ ತಮ್ಮನ್ನೇ ಕಾಣಲು ಬಂದೆ.

“ಗಿರಾಕಿ ಬರವೊಲ್ಲರ್ರೀ,” ಎಂದೆ.

“ಮೊದಲ ಮಳಿಗಿ ತುಂಬಬೇಕು ಈಶಪ್ಪ, ಆಮ್ಯಾಲ ಗಿರಾಕಿ ಬರ್ತಾರ,” ಎಂದಿರಿ ತಾವು.

“ಮಳಿಗಿ ಯಾವಾಗ ತುಂಬತಾವ್ರಿ?”

“ಗಿರಾಕಿ ಬಂದ ಮ್ಯಾಲ.”

ಎಲ್ಲಿಂದ ಹಿಡಿದರೂ ತುದಿ ಸಿಗದ ಇಂಥ ದುಂಡನೆಯ ಉತ್ತರವನ್ನು ಹೊತ್ತುಕೊಂಡು ನಾನು ತೃಪ್ತನಾಗಿಯೇ ಮರಳಿದೆ. ಹಾದಿಯಲ್ಲಿ ಯೋಚಿಸಿ ತಮಗೆ ಒಂದು ಸಣ್ಣ ಕೋರಿಕೆಯನ್ನೂ ಬರೆದೆ. ಗಜೇಂದ್ರಗಡವನ್ನು ಒಂದೆರಡು ಹರದಾರಿ ಈಚೆಗೂ, ರೋಣವನ್ನು ಆ ಕಡೆಯಿಂದ ಅಷ್ಟೇ ಈಚೆಗೂ ಸರಿಸಿ, ನರಗುಂದದ ಗುಡ್ಡ ಭಾರವಾದರೆ ಗುಡ್ಡವನ್ನು ಅಲ್ಲೇ ಬಿಟ್ಟು ಊರನ್ನಷ್ಟೇ ತರಿಸಬೇಕೆಂದು. ಅದೂ ಆ ಅಂಟು ಬಿಡದ ಲಕೋಟೆಗಳಲ್ಲೇ ಇರಬೇಕು.

ಆಮೇಲೆ ಮಿರಗದ, ಅಂದರೆ ಮೃಗಶಿರೆಯ, ಮಳೆ ಹಿಡಿಯಿತು. ಒಂದು ಮಧ್ಯಾಹ್ನ ಧಾರಾಕಾರ ಸುರಿಯುತ್ತಿರುವಾಗ ಹೊರಗೆ ಗದ್ದಲ ಕೇಳಿ ನಾನೂ ಶರೀಫಾಬಿಯವರೂ ಎದ್ದು ನಿಂತೆವು. ಲಕ್ಕಲಕಟ್ಟಿಯ ಪರಶಪ್ಪನೆಂಬ ರೈತ ತನ್ನ ಮಗಳು ಅಡಿವೆವ್ವನನ್ನು ಹೊಳೆಮಣ್ಣೂರಿಗೆ ಕೊಟ್ಟು ಮದುವೆ ಮಾಡಲು ಎರಡು ಬಂಡಿ ಕಟ್ಟಿಕೊಂಡು ಹೊರಟಿದ್ದ. ಹಾದಿಯ ಮೇಲೆ ನೀರು ಹರಿಯುತ್ತಿತ್ತೆಂದು ಒಳದಾರಿ ಹಿಡಿದು, ತಮ್ಮ ಪೇಟೆಯ ಮುಂದಿನ ಎರೆಯಲ್ಲಿ ಸಿಕ್ಕಿಬಿದ್ದಿದ್ದ. ಹಿಂದಿನ ಬಂಡಿ ಅಚ್ಚಿನವರೆಗೆ ಹೂತಿತ್ತು, ಮುಂದಿನದು ಮಗ್ಗುಲಾಗಿ ಮಗುಚಿತ್ತು. ಮದುವೆಯ ಅರಿವೆಯಿದ್ದ ಟ್ರಂಕು ಕೆಸರಿನಲ್ಲಿ ಬಾಯಿ ತೆರೆದು ಬಿದ್ದಿತ್ತು. ಮದುಮಗಳ ಕೈಯ ಬಳೆಗಳೆಲ್ಲ ಒಡೆದು ಮಣಿಕಟ್ಟಿನಲ್ಲಿ ರಕ್ತ ಬರುತ್ತಿತ್ತು.

ಎಲ್ಲರನ್ನೂ ಒಳಗೆ ಕರೆದೆವು. ರಕ್ತಕ್ಕಿಂತ ಬಳೆ ಒಡೆದದ್ದಕ್ಕೇ ಹೆಂಗಸರು ಅಂಜಿದ್ದರು. ಹುಡುಗಿಯ ತಾಯಿ ಹೊಳೆವ್ವ ಮಗಳ ಬರಿಗೈ ನೋಡುತ್ತ ಗೋಡೆಗೊರಗಿ ಕೂತುಬಿಟ್ಟಳು. ಅಪಶಕುನವಾಯಿತು, ತಿರುಗಿ ಊರಿಗೆ ಹೋಗೋಣ ಎಂದು ಹಿರಿಯರಲ್ಲಿ ಒಬ್ಬರು ಅಂದರು. ಪರಶಪ್ಪ ತಲೆಯ ರುಮಾಲನ್ನು ಹಿಂಡುತ್ತಲೇ ಇದ್ದ, ಅದರಲ್ಲಿ ನೀರು ಮುಗಿದ ಮೇಲೂ ಹಿಂಡುತ್ತಿದ್ದ. ಆ ಹುಡುಗಿ ಅಳದೆ ತಂದೆಯನ್ನೇ ನೋಡುತ್ತಿದ್ದಳು. ಮರಳಿ ಹೋದರೆ ಮತ್ತೆ ಯಾರೂ ತನ್ನನ್ನು ಕೇಳಿಕೊಂಡು ಬರುವುದಿಲ್ಲವೆಂದು ಆಕೆಗೆ ಗೊತ್ತಿತ್ತು.

ಶರೀಫಾಬಿಯವರು ಗೋಡೆ ಹಿಡಿದು ಎದ್ದರು.

“ಬಳಿ ಒಡದಾವ, ಕೈ ಒಡದಿಲ್ಲಲ್ಲ? ಗಾಜಿನ ಬಳಿ ಒಡಿಯೂದ ಸೈ, ಇಲ್ಲಾಂದ್ರ ನಾ ಹ್ಯಾಂಗ ಬದುಕ್ಲಿ? ಬಾ ಇಲ್ಲೆ, ನನ್ನ ಮಗಳ.”

ಹೊಳೆವ್ವ ತಲೆ ಎತ್ತಿದಳು. ಅಳುವ ಬಾಯಲ್ಲೇ ಸಣ್ಣಗೆ ನಕ್ಕಳು. ಶರೀಫಾಬಿಯವರು ಹುಡುಗಿಯ ಗಾಯ ತೊಳೆದು, ತಮ್ಮ ಸೆರಗಿನಿಂದ ಒತ್ತಿ, ಹಸಿರು ಬಳೆಗಳನ್ನು ಒಂದೊಂದಾಗಿ ಏರಿಸಿದರು. ಗಾಯದ ಹತ್ತಿರ ಬಂದಾಗ ಬಳೆಯನ್ನು ತಮ್ಮ ಬೆರಳ ಮೇಲೆ ಹಾಯಿಸಿ ದಾಟಿಸಿದರು. ನಾನು ನಮ್ಮೂರ ಮಗ್ಗದ ಸೀರೆಗಳನ್ನು ಬಿಚ್ಚಿ ಹಾಸಿದೆ, ಪರಶಪ್ಪನಿಗೆ ಹೊಸ ರುಮಾಲು ತೆಗೆದೆ. ಅಷ್ಟರಲ್ಲಿ ಗಂಡಿನವರು ಇವರನ್ನು ಹುಡುಕಿಕೊಂಡು, ಧೋತರ ಮೊಣಕಾಲಿಗೇರಿಸಿ, ಮದುಮಗನನ್ನೂ ನಡೆಸಿಕೊಂಡು ಕೆಸರು ತುಳಿಯುತ್ತ ಬಂದರು. ಮುಹೂರ್ತ ಮೀರುತ್ತಿತ್ತು. ಅಲ್ಲೇ, ನಡುವಿನ ಸಭಾಂಗಣದಲ್ಲಿ, ತಮ್ಮ ಹಾರ ಹಾಕಿದ ಭಾವಚಿತ್ರದ ಕೆಳಗೆ ಅಕ್ಷತೆ ಬಿತ್ತು. ಗುಂಪಿನಲ್ಲಿ ಸರಿಯಾಗಿ ಕಾಣದೆ ಕೆಲವರು ಅಕ್ಷತೆಯನ್ನು ತಮ್ಮ ಚಿತ್ರದ ಮೇಲೂ ಹಾಕಿದರು. ಹೀಗಾಗಿ ತಮಗೆ ಇನ್ನೊಂದು ಲಗ್ನವಾಗಿದ್ದರೆ ಅದಕ್ಕೆ ನಾನು ಹೊಣೆಯಲ್ಲ.

ಅಂದು ನಾನು ತೋಳು ನೋಯುವವರೆಗೆ ಅರಿವೆ ಅಳೆದೆ. ಶರೀಫಾಬಿಯವರು ಬಂದ ಹೆಂಗಸರಿಗೆಲ್ಲ ಬಳೆ ಇಟ್ಟರು. ಅಂಗಡಿ ಎಂದರೆ ಏನೆಂಬುದು ಅಷ್ಟು ದಿನದ ಮೇಲೆ ಮೈಗೆ ನೆನಪಾಯಿತು.

ಈ ಸುದ್ದಿ ತಮ್ಮ ಕಿವಿಗೂ ಬಿತ್ತು. ಪತ್ರಿಕೆಯವರೊಬ್ಬರನ್ನು ಜೀಪಿನಲ್ಲಿ ಕೂಡಿಸಿಕೊಂಡು ಬಂದಿರಿ. ಎರೆಯಲ್ಲಿ ಹೂತ ಆ ಜೀಪನ್ನು ಎತ್ತಿದವರಲ್ಲಿ ನಾನೂ ಒಬ್ಬ. ಮಹಾಪೇಟೆಯಲ್ಲಿ ಕಾಲಿಡಲು ಜಾಗವಿಲ್ಲವೆಂದು ಪತ್ರಿಕೆಯಲ್ಲಿ ಬಂತು. ಅದು ಖರೆ, ಹೊರಗೆ ಮೊಣಕಾಲುದ್ದ ಕೆಸರಿತ್ತು. ಅದರ ಹಿಂದೆಯೇ, ವ್ಯಾಪಾರ ಭರ್ಜರಿಯಾಗಿ ಬೆಳೆದಿರುವುದರಿಂದ ಬಾಡಿಗೆಯನ್ನು ಎರಡು ಪಟ್ಟಿಗೆ ಏರಿಸಲಾಗಿದೆ ಎಂಬ ತಮ್ಮ ನೋಟೀಸು ಬಂತು. ಒಂದು ಮಳೆಗೆ ಒಂದು ಬೆಳೆ ತೆಗೆದ ರೈತರನ್ನು ಕಂಡಿದ್ದೇನೆ. ಒಂದು ಮದುವೆಗೆ ಎರಡು ಬಾಡಿಗೆ ತೆಗೆದವರನ್ನು ಕಂಡದ್ದು ಅದೇ ಮೊದಲು.

ನಾನೂ ಶರೀಫಾಬಿಯವರೂ ತಮ್ಮ ಮನೆಗೆ ಬಂದೆವು. ಮಳಿಗೆ ಬಿಡುತ್ತೇವೆ ಎಂದೆ. ತಾವು ಸಿಟ್ಟಾಗಲಿಲ್ಲ, ಬದಲಿಗೆ ಚಹಾ ತರಿಸಿದಿರಿ.

“ಕರಾರು ಮೂರು ವರ್ಷದ್ದು. ನಡುವ ಬಿಡಾಕ ಬರೂದಿಲ್ಲ. ದಿನಾ ಬಾಗಿಲಾ ತೆರೀಬೇಕು, ತೆರೀಲಿಲ್ಲಾಂದ್ರ ದಂಡ. ಬರದೈತಿ ನೋಡ್ರಿ.”

ನಾನು ಬಸಿಯಲ್ಲಿ ಚಹಾ ಆರಿಸುತ್ತ ಕೂತೆ. ನಮ್ಮಪ್ಪನ ಅಂಗಡಿಯಲ್ಲಿ ಆಗಲೇ ಬೇರೊಬ್ಬರು ಕೂತಿದ್ದರು. ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡೆ. ಕಟ್ಟೆಯ ಮೇಲೆ ಮೊಣಕಾಲು ನೀವಿಕೊಳ್ಳುತ್ತ ಕೂತ ಶರೀಫಾಬಿಯವರು ಕೇಳಿದರು:

“ಈಶಪ್ಪಣ್ಣಾ, ಬಾಗಿಲಾ ತೆರೀಬೇಕು ಅಂತ ಬರದೈತಿ. ಎಲ್ಲಿ ತೆರೀಬೇಕು ಅಂತ ಬರದೈತೇನು?”

ಬರೆದಿರಲಿಲ್ಲ. ಮರುದಿನವೇ ಸೂಡಿಯ ಬಡಗಿ ಜಂಗ್ಲಿಸಾಬರನ್ನು ಕರೆಸಿ, ಎರಡೂ ಮಳಿಗೆಗಳ ಬಾಗಿಲುಗಳನ್ನು ಒಂದು ಚಕ್ಕೆಯೂ ಏಳದಂತೆ ಬಿಚ್ಚಿಸಿ, ಸರಕಿನ ಜೊತೆಗೆ ಬಂಡಿಗೆ ಹೇರಿದೆವು. ಬಂಡಿಯಲ್ಲಿ ಕೂತು ಹೋಗುವುದರಿಂದ ಶರೀಫಾಬಿಯವರ ಮೊಣಕಾಲಿಗೂ ಆರಾಮಾಗಿದೆ. ಈಗ ನಾವು ರೋಣ, ಗಜೇಂದ್ರಗಡ, ನರಗುಂದದ ಸಂತೆಗಳಿಗೆ ತಪ್ಪದೆ ಹೋಗುತ್ತೇವೆ, ಸಂತೆಯಿಲ್ಲದ ದಿನ ಹಳ್ಳಿಗಳಿಗೆ. ಹೋದಲ್ಲಿ ಬಾಗಿಲುಗಳನ್ನು ಬಂಡಿಗೆ ಆನಿಸಿ, ಕೀಲು ತಿರುಗಿಸಿ, ಕರಾರಿನಂತೆ ತೆರೆಯುತ್ತೇವೆ. ಒಂದರ ಮೇಲೆ ಸೀರೆ, ಇನ್ನೊಂದರ ಮೇಲೆ ಬಳೆ. ಗಜೇಂದ್ರಗಡದ ಸಂತೆಯ ಮೊದಲ ದಿನ ಕಳಕವ್ವ ಬಂದು ನೋಡಿದಳು. “ಇಷ್ಟು ಬುದ್ಧಿ ನಿಮಗ ಹೊಳೀಲಿಲ್ಲ, ಖರೇ ಹೇಳ್ರಿ,” ಎಂದಳು. ಹೇಳಿದೆ. ಆಕೆ ಶರೀಫಾಬಿಯವರ ಪಕ್ಕದಲ್ಲಿ ಕೂತು ರೊಟ್ಟಿಯ ಗಂಟು ಬಿಚ್ಚಿ, ಮೊದಲು ಅವರಿಗೆ ಕೊಟ್ಟಳು.

ಆದ್ದರಿಂದ ತಮ್ಮಲ್ಲಿ ಅರಿಕೆಯೇನೆಂದರೆ: ಹಳೆಯ ಬಾಡಿಗೆಯನ್ನು ನಾವು ತಪ್ಪದೆ ಕಳಿಸುತ್ತೇವೆ, ಏರಿಸಿದ್ದನ್ನು ದಯಮಾಡಿ ಇಳಿಸಬೇಕು. ಬಾಗಿಲು ತೆರೆದಿದೆಯೋ ಇಲ್ಲವೋ ಎಂದು ತಪಾಸಿಸಲು ಯಾವ ಸಂತೆಗಾದರೂ ಕಾರಕೂನರನ್ನು ಕಳಿಸಬಹುದು, ಅವರಿಗೆ ನೆರಳೂ ಚಹಾವೂ ಸಿಗುತ್ತವೆ. ಇನ್ನೊಂದು ಮಾತು. ನಮ್ಮ ವ್ಯಾಪಾರ ನೋಡಿ, ಮೊದಲು ಕೈ ಎತ್ತಿ ಇಳಿಸಿದ್ದ ಆ ವ್ಯಾಪಾರಿಗಳೇ ಈಗ ತಮ್ಮ ಮಹಾಪೇಟೆಯ ಉಳಿದ ಬಾಗಿಲುಗಳು ಬಾಡಿಗೆಗೆ ಸಿಗುತ್ತವೆಯೇ ಎಂದು ವಿಚಾರಿಸುತ್ತಿದ್ದಾರೆ. ಕಟ್ಟಡ ಬೇಡವಂತೆ.

ಎಲ್ಲಿ ನಿಂತರೂ ತಮ್ಮ ಬಾಗಿಲಲ್ಲೇ ನಿಂತಿರುವ,
ತಮ್ಮ ವಿಶ್ವಾಸಿ,
ಈಶಪ್ಪ, ಅರಿವೆ ವ್ಯಾಪಾರಿ
ಮಳಿಗೆ ನಂಬರು ಒಂದು (ಸದ್ಯ ರೋಣದ ಸಂತೆಯಲ್ಲಿ)

ತಾ.ಕ.: ಕಳೆದ ಸಂತೆಯಲ್ಲಿ ತಮ್ಮ ಮನೆಯವರಾದ ಅಕ್ಕಾವರು ಬಂದು ಎರಡೂ ಕೈತುಂಬ ಬಳೆ ಇಡಿಸಿಕೊಂಡು ಹೋದರು. ಮಹಾಪೇಟೆಗೆ ಒಮ್ಮೆಯೂ ಯಾಕೆ ಬರಲಿಲ್ಲವೆಂದು ಶರೀಫಾಬಿಯವರು ಕೇಳಿದರು. “ಅಷ್ಟು ದೂರ ಯಾರು ಹೋಗ್ತಾರವ್ವಾ,” ಎಂದರು ಅಕ್ಕಾವರು.