ಎಂಟು ಡಿಗ್ರಿ ಬಲಕ್ಕೆ ಸರಿಯಲು ಬಂದರಿನ ಗೋಡೆಗೆ ಬಿನ್ನಹ

ಬಂದರಿನ ಬಾಯಲ್ಲಿ ನಿಂತಿರುವ ಮಾನ್ಯ ಕಲ್ಲುಗೋಡೆಯವರೇ,

ದಿನವಿಡೀ ಅಲೆಗಳಿಂದ ಒದೆ ತಿಂದರೂ ಒಂದು ದಿನ ರಜೆ ಕೇಳದ ತಮಗೆ, ಏಳು ಗಂಟೆಯ ಪ್ರಯಾಣಿಕರ ಹಡಗನ್ನು ಹತ್ತೊಂಬತ್ತು ವರ್ಷಗಳಿಂದ ತಮ್ಮ ಪಕ್ಕದಲ್ಲೇ ಹಾಯಿಸುತ್ತಿರುವವನ ನಮಸ್ಕಾರಗಳು. ಇಷ್ಟು ಕಾಲ ತಮ್ಮ ಮೈಗೆ ಒಂದು ಗೀರೂ ತಾಗಿಸದ ನಾನು ಇಂದು ತಮ್ಮ ಮೇಲೆಯೇ ದೂರು ಬರೆಯಬೇಕಾಗಿ ಬಂದಿದೆ. ತಾವು ಇರಬೇಕಾದ ಜಾಗದಲ್ಲಿ ಇಲ್ಲ.

ಇದು ನನ್ನ ಮಾತಲ್ಲ, ಪ್ರಮಾಣಪತ್ರದ ಮಾತು. ಹೋದ ತಿಂಗಳು ನಮ್ಮ ಹಡಗಿಗೆ ಹೊಸ ರೇಡಾರ್ ಬಂತು. ಆಂಟೆನಾ ಕೂರಿಸಿದ ಮೇಲೆ, ಹಡಗಿನ ಮೂತಿ ಯಾವ ಕಡೆಗಿದೆಯೋ ಅದನ್ನೇ ಪರದೆಯೂ ನೇರವೆಂದು ತೋರಿಸುವಂತೆ ಹೊಂದಿಸಬೇಕು. ಅದಕ್ಕೆ ಹಡಗಿನ ನಟ್ಟನಡುವೆ ನಿಂತು, ಮೂತಿಯ ಕಂಬದ ನೇರಕ್ಕೆ ದೂರದ ದೀಪಸ್ತಂಭವನ್ನು ಹಿಡಿದು ನೋಡಬೇಕು. ಅದನ್ನು ಕೂರಿಸಲು ಕಚೇರಿಯಿಂದ ಬಂದ ಫಿಟ್ಟರ್ ಸಾಹೇಬರು ನಿಲ್ಲಲಿಲ್ಲ. ಚಹಾ ಲೋಟ ಹಿಡಿದು ನನ್ನ ಕುರ್ಚಿಯಲ್ಲಿ ಆರಾಮವಾಗಿ ಕೂತು ನೋಡಿದರು. ಆ ಕುರ್ಚಿಯೋ ನಡುವಿನಿಂದ ಮೂರಡಿ ಬಲಕ್ಕಿದೆ. ಹೀಗಾಗಿ ಪ್ರಪಂಚದ ಸಕಲ ವಸ್ತುಗಳೂ ಪರದೆಯ ಮೇಲೆ ನಾಲ್ಕು ಡಿಗ್ರಿ ಬಲಕ್ಕೆ ಸರಿದುಬಿಟ್ಟವು. ನಾನು ದೂರು ಕೊಟ್ಟೆ. ಅವರು ಮತ್ತೆ ಬಂದು, ಬಹಳ ಶ್ರದ್ಧೆಯಿಂದ, ಕಳೆಯಬೇಕಾದ ನಾಲ್ಕನ್ನು ಕೂಡಿಸಿ ಎಂಟು ಮಾಡಿ, ದೋಷ ನಿವಾರಣೆಯಾಗಿದೆ ಎಂದು ಪ್ರಮಾಣಪತ್ರಕ್ಕೆ ಮೊಹರು ಒತ್ತಿ ಹೋದರು.

ಮೊಹರು ಬಿದ್ದ ಮೇಲೆ ಯಂತ್ರ ತಪ್ಪಾಗುವುದುಂಟೇ? ಕಚೇರಿಯವರು ನನ್ನನ್ನೇ ಕಣ್ಣಿನ ಡಾಕ್ಟರ ಬಳಿ ಅಟ್ಟಿದರು. ಡಾಕ್ಟರು ಸಣ್ಣಕ್ಷರವನ್ನೆಲ್ಲ ಓದಿಸಿ, ಕಣ್ಣೇನೋ ಚೆನ್ನಾಗಿದೆ, ಆದರೆ ಎಂಟು ಡಿಗ್ರಿ ಅಳೆಯುವ ಸಾಧನ ತಮ್ಮಲ್ಲಿಲ್ಲ ಎಂದು ಬರೆದುಕೊಟ್ಟರು. ನನ್ನಾಕೆಯಂತೂ, ಕಣ್ಣು ಅಷ್ಟು ಓರೆಯಾಗಿದ್ದಿದ್ದರೆ ನಾನು ಮದುವೆಯ ದಿನ ಪಕ್ಕದಲ್ಲಿದ್ದ ಅವಳಕ್ಕನ ಕೈ ಹಿಡಿದಿರುತ್ತಿದ್ದೆ ಎಂದು ನಕ್ಕಳು. ಆಮೇಲೆ ನಗಲಿಲ್ಲ. ಎದುರು ದಡದ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಅವಳು ದಿನವೂ ಕೆಲಸಕ್ಕೆ ಹೋಗುವುದು ನನ್ನ ಹಡಗಿನಲ್ಲೇ.

ಬರುವ ಸೋಮವಾರ ಕಚೇರಿಯವರು ನನಗೆ ಪರೀಕ್ಷೆ ಇಟ್ಟಿದ್ದಾರೆ. ಮಂಜು ಕವಿದಂತಿರಲಿ ಎಂದು ಮುಂದಿನ ಗಾಜಿಗೆಲ್ಲ ಕಾಗದ ಅಂಟಿಸುತ್ತಾರಂತೆ. ನೂರಿಪ್ಪತ್ತು ಜನರನ್ನು ಕೂರಿಸಿಕೊಂಡು, ಪರದೆಯನ್ನಷ್ಟೇ ನಂಬಿ ನಾನು ಬಂದರು ದಾಟಬೇಕು. ತಾವು ಮೂತಿಗೆ ಎದುರಾಗಿ ನಿಂತಿದ್ದರೂ ಆ ಪರದೆ ದಾರಿ ಖಾಲಿ ಎನ್ನುತ್ತದೆ. ಕಾಗದ ಹರಿದು ಇಣುಕಿದರೆ ನನ್ನ ಲೈಸೆನ್ಸ್ ರದ್ದು. ಇಣುಕದಿದ್ದರೆ ಏನಾಗುತ್ತದೆಂದು ತಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ನನಗೆ ಭಯವಾಗಿದೆ, ಸ್ವಾಮಿ.

ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ, ಸೋಮವಾರ ಬೆಳಗ್ಗೆ ಏಳೂಕಾಲರೊಳಗೆ ಎಂಟು ಡಿಗ್ರಿ ಬಲಕ್ಕೆ ಸರಿದು ನಿಲ್ಲಬೇಕೆಂದೂ, ಹೊರಡುವಾಗ ದೀಪಸ್ತಂಭವನ್ನೂ ಎದುರು ದಡವನ್ನೂ ಅನುಕೂಲವಿದ್ದರೆ ಆಸ್ಪತ್ರೆಯನ್ನೂ ಜೊತೆಗೆ ಕರೆದುಕೊಳ್ಳಬೇಕೆಂದೂ ಕೋರುತ್ತೇನೆ. ಕಲ್ಲಾದ ತಾವು ಕದಲುವುದು ಕಷ್ಟವೆಂದು ಬಲ್ಲೆ. ಆದರೆ ರೇಡಾರಿನ ತಿರುಪನ್ನೊಮ್ಮೆ ಎಡಕ್ಕೆ ತಿರುಗಿಸಿ ಎಂದು ಫಿಟ್ಟರ್ ಸಾಹೇಬರಿಗೆ ಮೂರು ಪತ್ರ ಬರೆದು ನೋಡಿದವನಾದ್ದರಿಂದ, ನನಗೆ ತಮ್ಮ ಮೇಲೆಯೇ ಹೆಚ್ಚು ಭರವಸೆ.

ತಮ್ಮಿಂದ ಸದಾ ನಲವತ್ತು ಗಜ ದೂರವೇ ಇರಬಯಸುವ ವಿಶ್ವಾಸಿ,
ಏಳು ಗಂಟೆಯ ಹಡಗಿನ ಚಾಲಕ

ಮರೆತ ಮಾತು: ಪರೀಕ್ಷೆಯ ದಿನ ಹಡಗು ಹತ್ತಿ ಪರದೆಯ ಪಕ್ಕದಲ್ಲೇ ನಿಂತು ನೋಡಿ ಎಂದು ಫಿಟ್ಟರ್ ಸಾಹೇಬರನ್ನು ಪ್ರೀತಿಯಿಂದ ಕರೆದೆ. "ಬೇಡಪ್ಪಾ, ನಾನು ದಡದಲ್ಲೇ ನಿಂತು ನೋಡ್ತೀನಿ" ಅಂದರು. ನನ್ನ ಕಣ್ಣು ಸರಿಯಾಗಿದೆ ಎಂದು ಕಚೇರಿಯವರ ಪೈಕಿ ಮೊದಲು ಒಪ್ಪಿಕೊಂಡವರು ಅವರೇ.