ಹೊಟ್ಟೆ ಮೇಲೆ ಮಾಡಿದ ಪೇಷಂಟು

ಕಣ್ಣಿನ ಡಾಕ್ಟರ ಹತ್ತಿರ ಜನ ಆಸೆಯಿಂದ ಹೋಗುತ್ತಾರೆ. ಹೆರಿಗೆ ಡಾಕ್ಟರ ಹತ್ತಿರ ಹೂವು, ಸಿಹಿ ಹಿಡಿದುಕೊಂಡು ಹೋಗುತ್ತಾರೆ. ಹಲ್ಲಿನ ಡಾಕ್ಟರ ಬಾಗಿಲಿಗೆ ಮಾತ್ರ ಯಾರೂ ನಗುನಗುತ್ತಾ ಬಂದದ್ದನ್ನು ನಾನು ಕಂಡಿಲ್ಲ. ಬರುವವರೆಲ್ಲ ನನ್ನನ್ನು ನೇಣು ಹಾಕುವವನನ್ನು ನೋಡುವ ಹಾಗೆ ನೋಡುತ್ತಾರೆ. ಒಳಗೆ ನನ್ನ ಡ್ರಿಲ್ಲು 'ಝುಂಯ್' ಎಂದರೆ ಸಾಕು, ಹೊರಗೆ ಕೂತವರಲ್ಲಿ ಒಬ್ಬಿಬ್ಬರಿಗೆ ಹಲ್ಲುನೋವು ತಟ್ಟನೆ ವಾಸಿಯಾಗಿ, ಸದ್ದಿಲ್ಲದೆ ಎದ್ದು ಮನೆಗೆ ಹೋಗಿಬಿಡುತ್ತಾರೆ. ಮುಟ್ಟದೆಯೇ ರೋಗ ಗುಣಪಡಿಸುವ ಈ ಶಕ್ತಿಯಿಂದ ನನಗೆ ಕೀರ್ತಿಯೂ ಇಲ್ಲ, ಫೀಜೂ ಇಲ್ಲ.

ನಮ್ಮ ಮನೆಯ ಮುಂದಿನ ಎರಡು ಕೋಣೆಗಳೇ ನನ್ನ ಕ್ಲಿನಿಕ್ಕು. ಒಳಗಿನ ಕೋಣೆಯಲ್ಲಿ ಕುರ್ಚಿ, ಡ್ರಿಲ್ಲು ಮತ್ತು ನಾನು. ಹೊರಗಿನದರಲ್ಲಿ ಬೆಂಚು, ಮೇಜು, ಮೇಜಿನ ಹಿಂದೆ ನನ್ನ ಹೆಂಡತಿ. ಯಾರು ಯಾವಾಗ ಒಳಗೆ ಬರಬೇಕು, ಯಾವಾಗ ಹೊರಗೆ ಹೋಗಬೇಕು ಎಂದು ತೀರ್ಮಾನಿಸುವವಳು ಅವಳು. (ಈ 'ಯಾರು' ಎಂಬುದರಲ್ಲಿ ನಾನೂ ಸೇರಿದ್ದೇನೆ.) ಹಿಂದಿನ ಕೋಣೆಗಳಲ್ಲಿ ಸಂಸಾರ. ಅದರ ಆಡಳಿತ ಅವಳ ತಾಯಿಯದು, ಅಂದರೆ ನಮ್ಮತ್ತೆಯದು. ಒಟ್ಟಿನಲ್ಲಿ ನಾನು ಇತರರ ಬಾಯಿ ತೆರೆಸುವವನೇ ಹೊರತು, ಸ್ವಂತ ಬಾಯಿ ತೆರೆಯುವವನಲ್ಲ.

ಆದರೂ ಒಂದು ದಿನ ತೆರೆದೆ.

"ನೋಡು, ಹೊರಗಿನ ಕೋಣೆಯಲ್ಲಿ ಬಂಗಾರದ ಮೀನು ಇಡೋಣ. ಮೀನು ಈಜೋದನ್ನ ನೋಡ್ತಾ ಕೂತರೆ ಜನರ ಭಯ ಹೋಗುತ್ತಂತೆ."

"ಭಯ ಹೋಗಬೇಕಾದರೆ ಗೋಡೆ ಮೇಲಿನ ಆ ಕೊಳೆತ ಹಲ್ಲಿನ ಚಿತ್ರ ಮೊದಲು ತೆಗೀರಿ," ಎಂದಳು ಹೆಂಡತಿ.

"ಅದು ಜ್ಞಾನಕ್ಕೆ."

"ಅದನ್ನ ನೋಡಿದ ಮೇಲೆ ನನಗೇ ಊಟ ಸೇರಲ್ಲ. ಇನ್ನು ಮೀನು ತಂದರೆ ನೀರು ಬದಲಾಯಿಸೋರು ಯಾರು? ಊಟ ಹಾಕೋರು ಯಾರು?"

"ನಾನು! ನಾನೊಬ್ಬ ವೈದ್ಯ! ಮನುಷ್ಯರ ಬಾಯಿ ನೋಡಿಕೊಳ್ಳೋನಿಗೆ ಮೀನಿನ ಬಾಯಿ ಒಂದು ಲೆಕ್ಕವೇ?"

ನಮ್ಮತ್ತೆ ಒಳಗಿನಿಂದಲೇ, "ಅಳಿಯಂದ್ರು ಹೇಳ್ತಿರೋದು ಸರಿ ಕಣೆ. ಕಾಯ್ತಾ ಕೂತೋರಿಗೆ ನೋಡೋಕೆ ಚಂದದ್ದು ಏನಾದ್ರೂ ಬೇಡವಾ?" ಎಂದರು. ಮದುವೆಯಾದ ಮೇಲೆ ನನ್ನ ಪರವಾಗಿ ಬಿದ್ದ ಮೊದಲ ಓಟು ಅದು. ಮೀನಮೇಷ ಎಣಿಸದೆ ಅಂಗಡಿಗೆ ಓಡಿ, ಒಂದು ದುಂಡನೆಯ ಗಾಜಿನ ಬುಂಡೆಯನ್ನೂ ಎರಡು ಬಂಗಾರದ ಮೀನುಗಳನ್ನೂ ತಂದೆ. ಒಂದು ಲಡ್ಡಿನಂತೆ ಉರುಟಾಗಿತ್ತು. ಅದಕ್ಕೆ ನಮ್ಮತ್ತೆ 'ಗುಂಡ' ಎಂದು ಹೆಸರಿಟ್ಟರು. ಇನ್ನೊಂದರ ಬಾಲ ಅಗಲವಾಗಿ ಹರಡಿಕೊಂಡಿತ್ತು. ಅದು 'ಬೀಸಣಿಗೆ' ಆಯಿತು.

ಮೊದಲ ವಾರ ನಾನು ಬೀಗಿದ್ದೇ ಬೀಗಿದ್ದು. ಬೆಂಚಿನ ಮೇಲಿದ್ದವರೆಲ್ಲ ಬುಂಡೆಗೆ ಮೂಗು ಒತ್ತಿಕೊಂಡು ಕೂರುತ್ತಿದ್ದರು. ಡ್ರಿಲ್ಲು ಕೂಗಿದರೂ ಒಬ್ಬರೂ ಏಳಲಿಲ್ಲ. ಅದಕ್ಕೂ ದೊಡ್ಡ ವಿಸ್ಮಯ ಇನ್ನೊಂದಿತ್ತು. ಎರಡು ಮೀನುಗಳೂ ನೀರಿನ ಮೇಲ್ಗಡೆ ಬಂದು, ಬಾಯನ್ನು 'ಆ... ಆ...' ಎಂದು ತೆರೆದು ಮುಚ್ಚಿ ಮಾಡತೊಡಗಿದವು. ನಾನು ಪೇಷಂಟುಗಳನ್ನು ಕರೆಕರೆದು ತೋರಿಸಿದೆ.

"ನೋಡಿ ಸ್ವಾಮಿ, ಮೀನಿಗೂ ಅರ್ಥವಾಗಿದೆ! ಡಾಕ್ಟರು ಹೇಳೋ ಮೊದಲೇ ಬಾಯಿ ತೆಗೆಯುತ್ತೆ! ನಿಮಗೆ ಮಾತ್ರ ಹತ್ತು ಸಲ ಹೇಳಬೇಕು!"

ಎಲ್ಲರೂ ನಕ್ಕರು. ಹೆಂಡತಿ ಮಾತ್ರ ನಗಲಿಲ್ಲ. ಗಲ್ಲಕ್ಕೆ ಕೈಯಿಟ್ಟು ಬುಂಡೆಯನ್ನೇ ನೋಡುತ್ತಾ, "ರೀ, ಅದು ನಿಮ್ಮ ಮೇಲಿನ ಗೌರವಕ್ಕೆ ಬಾಯಿ ತೆಗೀತಿರೋ ಹಾಗೆ ಕಾಣಲ್ಲ. ಉಸಿರು ಕಟ್ಟಿದೋರ ಹಾಗೆ ಕಾಣುತ್ತೆ. ನೀರೂ ಯಾಕೋ ಮಬ್ಬಾಗಿದೆ," ಎಂದಳು.

"ಮತ್ಸ್ಯಶಾಸ್ತ್ರ ನಿನಗೆ ತಿಳಿಯದು," ಎಂದೆ. ಶಾಸ್ತ್ರ ನನಗೂ ತಿಳಿದಿರಲಿಲ್ಲ, ಆದರೆ 'ಮತ್ಸ್ಯ' ಎಂಬ ಪದ ತಿಳಿದಿತ್ತು.

ಆ ಅನಾಹುತದ ಬೆಳಿಗ್ಗೆ ಕ್ಲಿನಿಕ್ಕು ಕಿಕ್ಕಿರಿದಿತ್ತು. ಒಳಗಿನ ಕುರ್ಚಿಯಲ್ಲಿ ಒಬ್ಬ ಬಸ್ಸಿನ ಡ್ರೈವರು ಮಲಗಿದ್ದ. ಆಳು ಭರ್ಜರಿ, ಮೀಸೆಯೂ ಭರ್ಜರಿ, ಧೈರ್ಯ ಮಾತ್ರ ಸ್ವಲ್ಪ ಕಡಿಮೆ. ಅವನ ಅರ್ಧ ಮುಖಕ್ಕೆ ಮರಗಟ್ಟಿಸುವ ಸೂಜಿ ಕೊಟ್ಟು ಇಕ್ಕಳ ಕೈಗೆತ್ತಿಕೊಂಡಿದ್ದೆ. ಅಷ್ಟರಲ್ಲಿ ಹೊರಗಿನಿಂದ ನಮ್ಮತ್ತೆಯ ಕೂಗು ಸೂರು ಹಾರುವಂತೆ ಕೇಳಿಸಿತು.

"ಅಯ್ಯೋ, ಹೋಯ್ತಲ್ಲೇ! ಹೋಗೇಬಿಡ್ತಲ್ಲೇ! ಹೊಟ್ಟೆ ಮೇಲೆ ಮಾಡ್ಕೊಂಡು ತೇಲ್ತಿದ್ದಾನಲ್ಲೇ ಗುಂಡ!"

ಡ್ರೈವರಿಗೆ ಗುಂಡ ಯಾರೆಂದು ಗೊತ್ತಿರಲಿಲ್ಲ. ತನಗಿಂತ ಮೊದಲು ಒಳಗೆ ಬಂದಿದ್ದ ಪೇಷಂಟು ಎಂದುಕೊಂಡನೆಂದು ಕಾಣುತ್ತದೆ. ಕುರ್ಚಿಯಿಂದ ಛಂಗನೆ ಹಾರಿದ. ಕೊರಳಿಗೆ ಕಟ್ಟಿದ್ದ ಬಿಳಿಯ ಬಟ್ಟೆಯ ಸಮೇತ, ಅರ್ಧ ಬಾಯಲ್ಲಿ "ಬೇಬ ಬಾಕ್ಟ್ರೇ, ಬೇಬ" ಎನ್ನುತ್ತಾ ಹೊರಗೋಡಿದ. ಅವನು ಓಡಿದ್ದನ್ನು ಕಂಡು ಬೆಂಚಿನವರೂ ಎದ್ದರು. ಹೋಗುತ್ತಾ ಹೋಗುತ್ತಾ ಒಬ್ಬಾಕೆ ಎಲ್ಲರಿಗೂ ಕೇಳುವಂತೆ, "ಬುಂಡೆಯಲ್ಲಿರೋ ಮೀನನ್ನೇ ಉಳಿಸಿಕೊಳ್ಳದೋರು ಬಾಯಲ್ಲಿರೋ ಹಲ್ಲನ್ನ ಉಳಿಸ್ತಾರಾ?" ಎಂದಳು. ಗಳಿಗೆಯಲ್ಲಿ ಕೋಣೆ ಖಾಲಿ. ಉಳಿದವರು ನಾವು ಮೂವರು, ಗಾಬರಿಯಿಂದ ಮೂಲೆ ಸೇರಿದ್ದ ಬೀಸಣಿಗೆ ಮತ್ತು ಹೊಟ್ಟೆ ಮೇಲೆ ಮಾಡಿದ್ದ ಗುಂಡ.

ನನ್ನ ಎದೆ ಹಿಂಡಿದಂತಾಯಿತು. ತಮಾಷೆಗೆ ಹೇಳುತ್ತಿಲ್ಲ. ಹೊಸ ಹಲ್ಲಿನಷ್ಟೇ ಹೊಳೆಯುತ್ತಿದ್ದ ಜೀವ ಅದು. ಪೇಷಂಟುಗಳಿಲ್ಲದ ಹೊತ್ತಿನಲ್ಲಿ ಬುಂಡೆಯ ಪಕ್ಕ ಕೂತು ಅದರ ಜೊತೆ ಕಷ್ಟಸುಖ ಹೇಳಿಕೊಳ್ಳುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು. ನನ್ನ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವ ಜೀವ ಈ ಮನೆಯಲ್ಲಿ ಇನ್ನೊಂದಿರಲಿಲ್ಲ.

"ತಡೀರಿ," ಎಂದಳು ಹೆಂಡತಿ, ಬುಂಡೆಗೆ ಕಣ್ಣು ತಾಗಿಸಿ. "ಕಿವಿರು ಆಡ್ತಾ ಇದೆ! ಉಸಿರಿದೆ ರೀ!"

"ಸರಿ ಹಾಗಾದರೆ! ನೀರೆಲ್ಲ ಚೆಲ್ಲಿ, ಬುಂಡೆಯನ್ನ ಸೋಪು ಹಾಕಿ ತೊಳೆದು, ನಲ್ಲಿ ನೀರು ತುಂಬಿಸಿ, ನನ್ನ ಬಾಯಿ ಮುಕ್ಕಳಿಸುವ ಔಷಧಿ ಎರಡು ಮುಚ್ಚಳ..."

"ಮುಟ್ಟಿದರೆ ನೋಡಿ!" ಅವಳು ಬುಂಡೆಗೆ ಅಡ್ಡಲಾಗಿ ನಿಂತಳು. "ಮೊದಲು ನಿಮ್ಮ ದನದ ಡಾಕ್ಟರಿಗೆ ಫೋನ್ ಮಾಡಿ."

ದನದ ಡಾಕ್ಟರೆಂದರೆ ನನ್ನ ಹೈಸ್ಕೂಲಿನ ಜೊತೆಗಾರ, ಈಗ ಪಶುವೈದ್ಯ. ದನ, ನಾಯಿ, ಗಿಳಿ ಎಲ್ಲವನ್ನೂ ನೋಡುತ್ತಾನೆ. ನನ್ನ ಕರುಣಾಜನಕ ವರದಿಯನ್ನು ಕೇಳಿ ಅವನು ಮೊದಲು ಹೊಟ್ಟೆ ತುಂಬ ನಕ್ಕ. ಆಮೇಲೆ, "ದಿನಕ್ಕೆ ಎಷ್ಟು ಊಟ ಹಾಕ್ತೀಯಾ?" ಎಂದು ಕೇಳಿದ.

"ಬೆಳಿಗ್ಗೆ ಒಂದು ಚಿಟಿಕೆ," ಎಂದೆ ಗಂಭೀರವಾಗಿ. ಹೆಂಡತಿ ನನ್ನ ಕಡೆ ತೀಕ್ಷ್ಣವಾಗಿ ನೋಡಿದಳು. "ಮತ್ತೆ... ಪೇಷಂಟು ಪೇಷಂಟಿನ ನಡುವೆ ಒಂದೊಂದು ಚಿಟಿಕೆ."

"ನಾನು ಮಧ್ಯಾಹ್ನ ಬ್ರೆಡ್ಡಿನ ಚೂರು ಹಾಕ್ತೀನಪ್ಪಾ," ಎಂದರು ನಮ್ಮತ್ತೆ, ಯಾರೂ ಕೇಳದಿದ್ದರೂ. "ಹಸಿದ ಮುಖ ನೋಡೋಕಾಗಲ್ಲ. ಯಾವಾಗ ನೋಡಿದ್ರೂ ಬಾಯಿ ತೆಕ್ಕೊಂಡೇ ಇರ್ತಿತ್ತು."

"ಬೆಂಚಿನ ಮೇಲೆ ಕೂತೋರೂ ಬಿಸ್ಕತ್ತು ಹಾಕ್ತಾ ಇದ್ದರು," ಎಂದು ಹೆಂಡತಿ ಫೋನಿನ ಕಡೆ ಬಾಗಿ ಹೇಳಿದಳು. "ಬೇಡ ಅಂತ ನಾನು ಗದರಿದರೆ, ಡಾಕ್ಟ್ರೇ ಹಾಕ್ತಾರೆ ಅನ್ನೋರು."

ಫೋನಿನಲ್ಲಿ ದೀರ್ಘ ನಿಟ್ಟುಸಿರು ಕೇಳಿಸಿತು. "ಅಯ್ಯಾ ಮಹಾವೈದ್ಯ, ನಿನ್ನ ಮೀನಿಗೆ ಬಂದಿರೋದು ಅಜೀರ್ಣ. ಹೊಟ್ಟೆ ಬಿಗಿದಿದೆ, ಅದಕ್ಕೇ ಸಮತೋಲ ತಪ್ಪಿ ತಲೆಕೆಳಗಾಗಿದೆ. ತಿಂದುಳಿದದ್ದು ಕೊಳೆತು ನೀರು ಕೆಟ್ಟಿದೆ. ಬಾಯಿ ಬಾಯಿ ಬಿಡ್ತಿದ್ದದ್ದು ಗಾಳಿ ಸಾಲದೆ. ಆ ಬುಂಡೆ ಮೀನಿನ ಮನೆಯಲ್ಲ ಕಣೋ, ಉಪ್ಪಿನಕಾಯಿ ಜಾಡಿ! ಫೋನನ್ನ ನಿನ್ನ ಹೆಂಡತಿಗೆ ಕೊಡು."

"ಯಾಕೆ? ವೈದ್ಯ ನಾನು."

"ಅದಕ್ಕೇ."

ಅವಳು ಫೋನು ಹಿಡಿದು 'ಹೂಂ, ಹೂಂ' ಎನ್ನುತ್ತಾ ಕೇಳಿದಳು. ಇಟ್ಟವಳೇ ಸೆರಗು ಬಿಗಿದ ಸೇನಾಧಿಪತಿಯಂತೆ ಆಜ್ಞೆಗಳನ್ನು ಹೊರಡಿಸಿದಳು. ಅಗಲವಾದ, ಉದ್ದನೆಯ ಗಾಜಿನ ತೊಟ್ಟಿ ತರಬೇಕು. ಗಾಳಿ ಗುಳ್ಳೆ ಬಿಡುವ ಪಂಪು ತರಬೇಕು. ನಲ್ಲಿ ನೀರಿಗೆ ಕ್ಲೋರಿನ್ ತೆಗೆಯುವ ದ್ರಾವಣದ ಹನಿ ಹಾಕದೆ ತೊಟ್ಟಿಗೆ ಸುರಿಯುವಂತಿಲ್ಲ. ಹಳೆಯ ನೀರನ್ನು ಒಂದೇ ಸಲ ಚೆಲ್ಲದೆ ಸ್ವಲ್ಪ ಸ್ವಲ್ಪವೇ ಬದಲಾಯಿಸಬೇಕು, ಹೊಸ ನೀರು ಹಳೆಯದರಷ್ಟೇ ಬೆಚ್ಚಗಿರಬೇಕು, ಸೋಪಿನ ಹೆಸರನ್ನೂ ಎತ್ತಕೂಡದು. ಮುಖ್ಯವಾಗಿ, ಎರಡು ಮೂರು ದಿನ ಮೀನಿಗೆ ಉಪವಾಸ.

"ಉಪವಾಸವಾ?" ನಮ್ಮತ್ತೆ ಎದೆಗೆ ಕೈಯಿಟ್ಟುಕೊಂಡರು. "ಕಾಯಿಲೆ ಬಿದ್ದ ಮಗುಗೆ ಅನ್ನ ಹಾಕಬೇಡ ಅಂತ ಯಾವ ಡಾಕ್ಟ್ರಾದ್ರೂ ಹೇಳ್ತಾರಾ?"

"ಅಮ್ಮಾ, ಆ ಬ್ರೆಡ್ಡಿನ ಪೊಟ್ಟಣ ಇತ್ತ ಕೊಡು."

ಕೊಟ್ಟರು. ನಾನೂ ಜೇಬಿನಲ್ಲಿದ್ದ ಮೀನಿನ ಊಟದ ಡಬ್ಬಿಯನ್ನು ಕೇಳುವ ಮೊದಲೇ ಒಪ್ಪಿಸಿದೆ.

ಆ ದಿನಗಳನ್ನು ನಾವು ಕಳೆದದ್ದು ಹೇಗೆಂದು ನಮಗೇ ಗೊತ್ತು. ಹೊಸ ತೊಟ್ಟಿಯಲ್ಲಿ ಗುಳ್ಳೆಗಳು ಬುಳುಬುಳು ಏಳುತ್ತಿದ್ದವು. ಬೀಸಣಿಗೆ ಬಾಯಿ ಬಡಿದುಕೊಳ್ಳುವುದನ್ನು ಬಿಟ್ಟು ತಳದಲ್ಲಿ ಹಾಯಾಗಿ ಕಲ್ಲು ಕೆದಕತೊಡಗಿತು. ಗುಂಡ ಮಾತ್ರ ಒಂದು ಗಳಿಗೆ ನೆಟ್ಟಗಾಗಿ, ಮರುಗಳಿಗೆ ಕವಚಿಕೊಳ್ಳುತ್ತಿದ್ದ. ಪೇಷಂಟುಗಳಿಲ್ಲದ ಕ್ಲಿನಿಕ್ಕಿನಲ್ಲಿ ನಾವು ಮೂವರೂ ಬೆಂಚಿನ ಮೇಲೆ ಸಾಲಾಗಿ ಕೂತು ತೊಟ್ಟಿಯನ್ನೇ ನೋಡುತ್ತಿದ್ದೆವು. ಹಾಗೆ ಕೂತಾಗಲೇ ನನಗೆ ತಿಳಿದದ್ದು, ಆ ಬೆಂಚಿನ ಮೇಲೆ ಕಾಯುವುದು ಎಷ್ಟು ಘೋರವೆಂದು.

ಉಪವಾಸ ಮುಗಿದ ಮೇಲೆ ಪಶುವೈದ್ಯ ಹೇಳಿದ ಪಥ್ಯ, ಬೇಯಿಸಿದ ಹಸಿರು ಬಟಾಣಿ, ಅದೂ ಸಿಪ್ಪೆ ಸುಲಿದು ಚೂರು ಮಾಡಿದ್ದು. ಇಲ್ಲಿ ಮಾತ್ರ ನನ್ನ ವೃತ್ತಿಕೌಶಲ ಬೆಳಗಿತು. ಬುದ್ಧಿಹಲ್ಲು ಕೀಳುವಾಗಲೂ ನಾನು ಅಷ್ಟು ಏಕಾಗ್ರತೆಯಿಂದ ಚಿಮಟ ಹಿಡಿದವನಲ್ಲ. ಸಿಪ್ಪೆ ಸುಲಿದು, ಬೇಳೆ ಬೇರ್ಪಡಿಸಿ, ಸಾಸಿವೆಯಷ್ಟು ಚೂರು ಮಾಡಿ ನೀರಿಗೆ ಬಿಟ್ಟೆ.

"ಅಗಿಯೋದು ಹೇಗಪ್ಪಾ ಪಾಪ, ಬಾಯಲ್ಲಿ ಒಂದು ಹಲ್ಲೂ ಇಲ್ಲವಲ್ಲ," ಎಂದರು ನಮ್ಮತ್ತೆ.

"ಬಂಗಾರದ ಮೀನಿಗೆ ಹಲ್ಲು ಗಂಟಲಲ್ಲಿರುತ್ತೆ ಅತ್ತೆ," ಎಂದೆ, ನನ್ನ ಶಾಸ್ತ್ರದ ಗಡಿಯೊಳಗೆ ಬಂದ ಸಂತೋಷದಲ್ಲಿ. ಗುಂಡ ಬಟಾಣಿಯನ್ನು ನೋಡಿದ, ಮೂಸಿದ, ಗುಳುಂ ಮಾಡಿದ.

ಮರುದಿನ ಬೆಳಿಗ್ಗೆ ನಮ್ಮತ್ತೆ ಕೂಗಿದರು. ಓಡಿಬಂದೆ. ನೋಡಿದರೆ, ಗುಂಡ ನೆಟ್ಟಗೆ ಈಜುತ್ತಿದ್ದಾನೆ! ಅವನ ಹಿಂದೆ, ಗಾಳಿಪಟದ ಬಾಲಂಗೋಚಿಯಂತೆ, ಅವನ ಅಜೀರ್ಣದ ವಿಮೋಚನೆ ಉದ್ದಕ್ಕೆ ತೇಲಿಬರುತ್ತಿದೆ! ಆ ಅಮೋಘ ದೃಶ್ಯಕ್ಕೆ ನಾವು ಮೂವರೂ ಚಪ್ಪಾಳೆ ತಟ್ಟಿದೆವು. ಹೆಂಡತಿ ನನ್ನ ತೋಳು ಹಿಡಿದುಕೊಂಡು, "ಬದುಕಿದ ರೀ," ಎಂದಳು. ಅವಳ ಕಣ್ಣು ಒದ್ದೆಯಾಗಿತ್ತು. ನನ್ನದರ ವಿಷಯ ಬೇಡ. ಒಂದು ಸಾಮಾನ್ಯ ಮಲವಿಸರ್ಜನೆ ಒಂದು ಸಂಸಾರಕ್ಕೆ ಇಷ್ಟು ನೆಮ್ಮದಿ ತರಬಹುದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಅಂದಿನಿಂದ ತೊಟ್ಟಿಯ ಆಡಳಿತ ಹೆಂಡತಿಯ ಕೈಗೆ ಹೋಯಿತು. ಅವಳು ಮೀನಿನ ಪುಸ್ತಕಗಳನ್ನು ತರಿಸಿ ಓದಿದಳು. ರೆಕ್ಕೆ ಮಡಚಿಕೊಂಡು ಮೂಲೆಯಲ್ಲಿ ಕೂತರೆ ಏನರ್ಥ, ರೆಕ್ಕೆಯಲ್ಲಿ ಕೆಂಪು ಗೀರು ಬಂದರೆ ಏನರ್ಥ, ಕಲ್ಲಿಗೆ ಮೈ ಉಜ್ಜಿದರೆ ಏನರ್ಥ, ಎಲ್ಲವೂ ಅವಳ ನಾಲಿಗೆಯ ತುದಿಯಲ್ಲಿ. ಓಡಿಹೋದ ಪೇಷಂಟುಗಳೂ ಗುಂಡ ಬದುಕಿದ ಸುದ್ದಿ ಕೇಳಿ ಒಬ್ಬೊಬ್ಬರಾಗಿ ಹಿಂದಿರುಗಿದರು. ಡ್ರೈವರು ನನ್ನ ಬಿಳಿಯ ಬಟ್ಟೆಯನ್ನು ಒಗೆದು ಮಡಿಸಿ ತಂದುಕೊಟ್ಟು, ಹಲ್ಲನ್ನೂ ಕೊಟ್ಟು ಹೋದ.

ಒಂದು ದಿನ ನಾನು ಗುಂಡನ ಕೆನ್ನೆಯ ಮೇಲೆ ಬಿಳಿಯ ಚುಕ್ಕೆಗಳನ್ನು ಕಂಡೆ. ಜೊತೆಗೆ ಅವನು ಹುಚ್ಚು ಹಿಡಿದವನಂತೆ ಬೀಸಣಿಗೆಯನ್ನು ಅಟ್ಟಾಡಿಸುತ್ತಿದ್ದ.

"ಬಿಳಿಚುಕ್ಕೆ ರೋಗ!" ಎಂದು ಘೋಷಿಸಿದೆ. "ನಿನ್ನ ಪುಸ್ತಕದಲ್ಲೇ ಓದಿದೆ! ತಲೆಗೂ ಏರಿದೆ! ಈಗಲೇ ಔಷಧಿ ತರ್ತೀನಿ!"

ಹೆಂಡತಿ ನನ್ನ ಭೂತಗನ್ನಡಿಯನ್ನು ತಂದು ನಿಧಾನವಾಗಿ ನೋಡಿದಳು. "ಆ ರೋಗ ಬಂದರೆ ಉಪ್ಪು ಉದುರಿಸಿದ ಹಾಗೆ ಮೈಯೆಲ್ಲ, ಬಾಲವೆಲ್ಲ ಚುಕ್ಕೆ ಬರುತ್ತೆ. ಇದು ಕಿವಿರಿನ ಮುಚ್ಚಳದ ಮೇಲೆ, ಮುಂದಿನ ರೆಕ್ಕೆಯ ಅಂಚಿನಲ್ಲಿ ಮಾತ್ರ ಸಾಲಾಗಿ ಇದೆ. ಮೈ ಉಜ್ಜಿಕೊಳ್ತಿಲ್ಲ, ಊಟ ಚೆನ್ನಾಗಿ ಮಾಡ್ತಿದ್ದಾನೆ. ಇದು ರೋಗ ಅಲ್ಲ ರೀ. ಗಂಡು ಮೀನು ಪ್ರಾಯಕ್ಕೆ ಬಂದಿದೆ ಅಷ್ಟೇ."

"ಮೊಡವೆ ಅನ್ನು," ಎಂದರು ನಮ್ಮತ್ತೆ. "ಮದುವೆಗೆ ಮುಂಚೆ ಅಳಿಯಂದ್ರ ಕೆನ್ನೆ ತುಂಬಾನೂ ಇತ್ತು."

ಆಮೇಲಿನ ಸೋಮವಾರ ಬೆಳಿಗ್ಗೆ ಕ್ಲಿನಿಕ್ಕಿನ ಬಾಗಿಲು ತೆರೆದಾಗ ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಬೆಂಚು ತುಂಬಿ, ಗೋಡೆಗೊರಗಿ ಜನ ನಿಂತಿದ್ದರು. ಸಾಲು ಮೆಟ್ಟಿಲಿಳಿದು ಬೀದಿಯವರೆಗೂ ಹೋಗಿತ್ತು. ಇಷ್ಟು ವರ್ಷದ ನನ್ನ ಸೇವೆಗೆ ಕೊನೆಗೂ ಬೆಲೆ ಬಂತೆಂದು ಎದೆಯುಬ್ಬಿತು. ಕೋಟು ತೊಟ್ಟು, ಕನ್ನಡಿಯಲ್ಲಿ ಹಲ್ಲು ನೋಡಿಕೊಂಡು, ಬಾಗಿಲಲ್ಲಿ ನಿಂತು ಮೃದುವಾಗಿ ಕರೆದೆ.

"ಮೊದಲನೆಯವರು ಬನ್ನಿ."

ಒಬ್ಬರೂ ಅಲುಗಲಿಲ್ಲ. ಭಯಪಡುತ್ತಿದ್ದಾರೆಂದು ತಿಳಿದು, ಮುಂದೆ ಕೂತಿದ್ದ ಹೆಂಗಸಿಗೆ, "ನೋವೇ ಆಗಲ್ಲ ಬನ್ನಿ ತಾಯಿ," ಎಂದೆ.

"ಅಯ್ಯೋ, ನಾವು ಡಾಕ್ಟ್ರಮ್ಮನ್ನ ನೋಡೋಕೆ ಬಂದಿರೋದು," ಎಂದಳಾಕೆ, ಮಡಿಲಿನಲ್ಲಿದ್ದ ಗಾಜಿನ ಜಾಡಿಯನ್ನು ಜೋಪಾನ ಮಾಡುತ್ತಾ. ಜಾಡಿಯೊಳಗಿಂದ ಒಂದು ಕೆಂಪು ಮೀನು ನನ್ನನ್ನು ದುರುಗುಟ್ಟಿ ನೋಡಿತು. ಆಗ ಸಾಲಿನುದ್ದಕ್ಕೂ ಕಣ್ಣು ಹಾಯಿಸಿದೆ. ಜಾಡಿ, ಬುಂಡೆ, ಬಕೆಟ್ಟು, ಗಂಟು ಹಾಕಿದ ಪ್ಲಾಸ್ಟಿಕ್ ಚೀಲ. ಮೇಜಿನ ಹಿಂದೆ ಡಾಕ್ಟ್ರಮ್ಮ, ಅಂದರೆ ನನ್ನ ಹೆಂಡತಿ, ಯಾರಿಗೋ, "ಊಟ ಎಷ್ಟು ಸಲ ಹಾಕ್ತೀರಿ? ನಿಜ ಹೇಳಿ," ಎಂದು ಗದರುತ್ತಿದ್ದಳು.

ಆಗ ಸಾಲಿನ ಕೊನೆಯಲ್ಲಿ ಒಬ್ಬ ಮುದುಕರು ಕಂಡರು. ಕೈಯಲ್ಲಿ ಜಾಡಿಯಿಲ್ಲ. ಎಡಗೆನ್ನೆಯನ್ನು ಚೆಂಡಿನಂತೆ ಊದಿಸಿಕೊಂಡು, ಬೆರಳಿನಿಂದ ಒತ್ತಿಕೊಳ್ಳುತ್ತಾ ನಿಂತಿದ್ದಾರೆ. ಎಂಥಾ ಊತ! ಬೇರಿನಲ್ಲೇ ಕೀವಾಗಿರಬೇಕು! ಇವರೊಬ್ಬರಾದರೂ ನನ್ನವರು ಎಂದು ಧಾವಿಸಿ, ಅವರ ಕೈಹಿಡಿದು, ಏನೋ ಹೇಳಹೊರಟವರ ಮಾತಿಗೆ ಅವಕಾಶ ಕೊಡದೆ ಒಳಗೆ ಎಳೆದುಕೊಂಡು ಹೋಗಿ, ಕುರ್ಚಿಯಲ್ಲಿ ಮಲಗಿಸಿ, ದೀಪ ಹಾಕಿ, "ಬಾಯಿ ತೆಗೀರಿ," ಎಂದೆ.

ತೆಗೆದರು. 'ಪುಸ್' ಎಂದು ಗಾಳಿ ಹೊರಬಂದು ಊತ ಮಾಯವಾಯಿತು. ಮೇಲೆ ಕೆಳಗೆ ನೋಡಿದೆ. ಒಂದೇ ಒಂದು ಹುಳುಕಿಲ್ಲ. ಅಂಥ ಹಲ್ಲನ್ನು ನಾನು ಪುಸ್ತಕದಲ್ಲಷ್ಟೇ ನೋಡಿದ್ದೆ.

"ನಂಗೇನೂ ಆಗಿಲ್ಲ ಡಾಕ್ಟ್ರೇ," ಎಂದರು ಮುದುಕರು ಗಾಬರಿಯಿಂದ. "ಮನೇಲಿ ಮೀನಿನ ಕೆನ್ನೆ ಹಿಂಗೆ ಊದ್ಕೊಂಡಿದೆ. ತರೋಕೆ ಜಾಡಿ ಸಿಗಲಿಲ್ಲ. ಅಮ್ಮೋರಿಗೆ ಮಾಡಿ ತೋರಿಸೋಣ ಅಂತ ದಾರಿಯುದ್ದಕ್ಕೂ ಊದಿಸ್ಕೊಂಡೇ ಬಂದಿದ್ದೆ."

ಅಷ್ಟರಲ್ಲಿ ಹೊರಗಿನ ಮೇಜಿನಿಂದ ಗುಡುಗು ಕೇಳಿಸಿತು.

"ರೀ! ಆ ಯಜಮಾನ್ರನ್ನ ಯಾಕ್ರೀ ಒಳಗೆ ಕೂರಿಸ್ಕೊಂಡಿದ್ದೀರಾ? ಅವರ ಸರದಿ ತಪ್ಪಿಹೋಗುತ್ತೆ, ಬೇಗ ಕಳಿಸಿ!"

ಕಳಿಸಿದೆ.